ಮರೆವಿನ ಸೂತ್ರ ಮತ್ತು ಷಟ್ಪದಿಯ ನೆನಪು

ನಡುಗನ್ನಡ ಕಾವ್ಯಗಳು ಜನರ ನಾಲಗೆಯ ಮೇಲೆ ಉಳಿದುದಕ್ಕೆ ಷಟ್ಪದಿಯ ಲಯವೇ ಕಾರಣವೆಂಬ ಮಾತು ನಮ್ಮ ಸಾಹಿತ್ಯ ಚರ್ಚೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ವಸ್ತುತಃ ಇದು ಸ್ಮೃತಿಯನ್ನು ಕುರಿತ ಹೇಳಿಕೆ; ಆದರೆ ಛಂದಸ್ಸಿನ ಚೌಕಟ್ಟಿನಲ್ಲಿಯೇ ಇದನ್ನು ಮುಗಿಸಿಬಿಡುವುದು ರೂಢಿಯಾಗಿದೆ. ಸ್ಮೃತಿಯನ್ನು ಗಣಿತದ ಸೂತ್ರಕ್ಕೆ ಒಳಪಡಿಸಿದ ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್‌ನ ಕೆಲಸದ ಎದುರಿಗೆ ಈ ಹೇಳಿಕೆಯನ್ನಿಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಎಬ್ಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪ್ರಯೋಗ ನಡೆಸಿದವನೂ ಪ್ರಯೋಗಕ್ಕೆ ಒಳಗಾದವನೂ ಆತನೇ. ವ್ಯಂಜನ, ಸ್ವರ, ವ್ಯಂಜನ ಎಂಬ ಕ್ರಮದಲ್ಲಿ ಸುಮಾರು 2300 ನಿರರ್ಥಕ ಉಚ್ಚಾರಗಳನ್ನು ರಚಿಸಿಕೊಂಡು, ಅವುಗಳ ಸರಣಿಗಳನ್ನು ಕಂಠಪಾಠ ಮಾಡಿದ. ಕೆಲಕಾಲದ ನಂತರ ಅವನ್ನೇ ಪುನಃ ಕಲಿಯುವಾಗ ಮೊದಲಿನ ಶ್ರಮದಲ್ಲಿ ಎಷ್ಟು ಉಳಿತಾಯವಾಯಿತೆಂದು ಲೆಕ್ಕ ಹಾಕಿದ. ಇಪ್ಪತ್ತು ನಿಮಿಷಗಳ ಅನಂತರ ಈ ಉಳಿತಾಯ ಶೇ. 58ರಷ್ಟಿತ್ತು, ಒಂದು ಗಂಟೆಯ ಅನಂತರ ಶೇ. 44, ಒಂದು ದಿನಕ್ಕೆ ಶೇ. 34, ಮೂವತ್ತೊಂದು ದಿನಗಳಿಗೆ ಶೇ. 21. ಮರೆವು ಮೊದಲು ಧಾವಿಸಿ ಅನಂತರ ಕುಂಟುತ್ತದೆ. ಈ ಇಳಿಕೆಯನ್ನು ಆತ ಕಾಲದ ಲಾಗರಿದಮ್ ಆಧರಿಸಿದ ಸಮೀಕರಣವೊಂದರಲ್ಲಿ ಹಿಡಿದಿಟ್ಟ. 2015ರಲ್ಲಿ ಮುರ್ರೆ ಮತ್ತು ಡ್ರೋಸ್ ಇದೇ ಪ್ರಯೋಗವನ್ನು ಪುನರಾವರ್ತಿಸಿದಾಗಲೂ ಹೆಚ್ಚುಕಡಿಮೆ ಇದೇ ರೇಖೆ ದೊರೆಯಿತು.

ಸೂತ್ರದ ಈ ಶುದ್ಧಿಗೆ ತೆತ್ತ ಬೆಲೆ ಅರ್ಥ. ಸಾಹಿತ್ಯದ ವಿದ್ಯಾರ್ಥಿಗೆ ಇದು ಮೊದಲ ನೋಟಕ್ಕೇ ಅಸಂಗತವಾಗಿ ಕಾಣುತ್ತದೆ. ನನಗೂ ಹಾಗೆಯೇ ಕಂಡಿತ್ತು. ಆದರೆ ಎಬ್ಬಿಂಗ್‌ಹೌಸ್ ಬೈರನ್ನನ ‘ಡಾನ್ ಜುವಾನ್’ ಕಾವ್ಯದ ಪದ್ಯಗಳನ್ನೂ ಕಂಠಪಾಠ ಮಾಡಿ ನೋಡಿದ್ದ ಎಂಬುದು ಗಮನಾರ್ಹ. ಅಷ್ಟೇ ಉದ್ದದ ನಿರರ್ಥಕ ಸರಣಿಗೆ ಬೇಕಾಗುವ ಶ್ರಮದ ಸುಮಾರು ಹತ್ತನೆಯ ಒಂದು ಭಾಗ ಪದ್ಯಕ್ಕೆ ಸಾಕಾಯಿತು. ಇದಕ್ಕೆ ಅರ್ಥ, ಲಯ, ಪ್ರಾಸ, ಪರಿಚಿತ ಭಾಷೆ ಇವೆಲ್ಲವೂ ಒಟ್ಟಾಗಿ ಕಾರಣವೆಂದ ಆತ, ಯಾವುದರ ಪಾಲು ಎಷ್ಟೆಂದು ಬಿಡಿಸಲಿಲ್ಲ.

ನಮ್ಮ ಹೇಳಿಕೆ ತೊಡಕಿಗೆ ಸಿಕ್ಕುವುದು ಇಲ್ಲಿಯೇ. ಭಾಮಿನಿ ಷಟ್ಪದಿಯ ಒಂದು ಪದ್ಯದಲ್ಲಿ 102 ಮಾತ್ರೆಗಳು. ಮೂರು-ನಾಲ್ಕರ ಗಣಗತಿ, ಜೊತೆಗೆ ಆದಿಪ್ರಾಸ. ಕುಮಾರವ್ಯಾಸನ ಪದ್ಯ ನೆನಪಿನಲ್ಲಿ ನಿಲ್ಲುವುದು ಈ ಗತಿಯಿಂದಲೋ, ಪ್ರಾಸದಿಂದಲೋ, ಕೇಳುಗನಿಗೆ ಭಾರತದ ಕಥೆ ಮೊದಲೇ ಗೊತ್ತಿರುವುದರಿಂದಲೋ? ಗಮಕಿಯ ರಾಗದ ಪಾಲೆಷ್ಟು? ಇವನ್ನು ಬೇರ್ಪಡಿಸದೆ ಲಯಕ್ಕೇ ಸಮಸ್ತ ಕೀರ್ತಿಯನ್ನು ಕೊಡುವುದು ಅವಸರದ ತೀರ್ಮಾನವೆಂದು ನನ್ನ ಭಾವನೆ.

ಬೇರ್ಪಡಿಸುವುದು ಅಸಾಧ್ಯವೇನಲ್ಲ. ಭಾಮಿನಿಯ ಗಣಗಳಿಗೆ ತಪ್ಪದೆ ಹೊಂದುವ ಅರ್ಥರಹಿತ ಪದ್ಯ, ಅದೇ ಅಕ್ಷರಗಳನ್ನು ಗಣ ಕೆಡಿಸಿ ಜೋಡಿಸಿದ ಸರಣಿ, ಅಪರಿಚಿತ ಕಥೆಯುಳ್ಳ ಪದ್ಯ, ಅದರದೇ ಗದ್ಯಾನ್ವಯ: ಈ ನಾಲ್ಕನ್ನೂ ವಿದ್ಯಾರ್ಥಿಗಳ ಬೇರೆ ಬೇರೆ ಗುಂಪುಗಳಿಗೆ ಕಲಿಸಿ, ಒಂದು ದಿನ ಹಾಗೂ ಒಂದು ತಿಂಗಳ ಅನಂತರದ ಉಳಿತಾಯವನ್ನು ಅಳೆಯಬಹುದು. ಇದಕ್ಕೆ ಬೇಕಾದುದು ಒಂದು ತರಗತಿ, ಒಂದು ಗಡಿಯಾರ, ಮತ್ತು ಗಣ ತಪ್ಪದಂತೆ ಅರ್ಥವಿಲ್ಲದ ಪದ್ಯ ಕಟ್ಟಬಲ್ಲ ಒಬ್ಬ ಛಂದಸ್ಸಿನ ಅಧ್ಯಾಪಕರು.