ಕೆಂಚಿಯ ಬೆನ್ನ ಮೇಲೆ ಕಲಿತದ್ದು

ಮೊದಲ ದಿನ ಕುದುರೆಯಿಂದ ಇಳಿದಾಗ ನನ್ನ ತೊಡೆಗಳು ಗಡಗಡ ನಡುಗುತ್ತಿದ್ದವು. ಲಾಯದ ಗೋಡೆ ಹಿಡಿದು ಎರಡು ನಿಮಿಷ ನಿಂತುಕೊಂಡೆ. ಮುಕ್ಕಾಲು ಗಂಟೆಯಲ್ಲಿ ಕುದುರೆ ನಡೆದದ್ದು ಬಿಟ್ಟರೆ ಒಂದು ಹೆಜ್ಜೆಯೂ ಓಡಿರಲಿಲ್ಲ. ‘ನಡೆಯೋದು ಕುದುರೆ, ವ್ಯಾಯಾಮ ಆಗೋದೂ ಅದಕ್ಕೇ’ ಎಂದು ಮನೆಯಲ್ಲಿ ಅಂದಿದ್ದರು. ನಾನೂ ಅದನ್ನು ಅರ್ಧ ನಂಬಿದ್ದೆ. ತೊಡೆಯ ನಡುಕ ಬೇರೆಯದನ್ನೇ ಹೇಳುತ್ತಿತ್ತು.

ಆಗ ನನಗೆ ನಲವತ್ತಾರು. ಇಪ್ಪತ್ತು ವರ್ಷ ಕಂಪ್ಯೂಟರ್ ಮುಂದೆ ಕೂತು ಲೆಕ್ಕ ನೋಡಿದ ಬೆನ್ನು ಸಂಜೆಯಾದರೆ ಮರಗಟ್ಟುತ್ತಿತ್ತು. ಎರಡು ಸಲ ಜಿಮ್ ಸೇರಿ ಎರಡು ಸಲವೂ ಬಿಟ್ಟಿದ್ದೆ. ಪರೀಕ್ಷಿಸಿದ ವೈದ್ಯರು ಮೂಳೆಗೆ ತೊಂದರೆಯಿಲ್ಲ, ಸೊಂಟ–ಹೊಟ್ಟೆಯ ಸ್ನಾಯುಗಳು ಸೋತಿವೆ, ಮನಸ್ಸಿಗೆ ಹಿಡಿಸುವಂಥ ವ್ಯಾಯಾಮ ಹುಡುಕಿಕೊಳ್ಳಿ ಅಂದರು. ಮೈಸೂರಿನಲ್ಲಿ ಹುಟ್ಟಿ ಬೆಳೆದವಳು ನಾನು. ಜಂಬೂಸವಾರಿಯಲ್ಲಿ ಅಶ್ವಾರೋಹಿ ದಳ ಸಾಲಾಗಿ ಸಾಗುವುದನ್ನು ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದೆ. ಆ ಆಸೆ ಎಲ್ಲೋ ಉಳಿದಿತ್ತು. ವೈದ್ಯರನ್ನು ಕೇಳಿ ಒಪ್ಪಿಗೆ ಪಡೆದೆ. ದಳದಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ಊರಾಚೆ ಸವಾರಿ ಕಲಿಸುತ್ತಿದ್ದರು. ಅವರ ಲಾಯದಲ್ಲಿದ್ದ ಹೆಣ್ಣು ಕುದುರೆಯ ಮೈಬಣ್ಣ ಕೆಂಚು, ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಕೆಂಚಿ.

ಮೊದಲ ವಾರ ಪಾಠ ಬಹುಪಾಲು ನೆಲದ ಮೇಲೆಯೇ. ಕುದುರೆಯ ಕಣ್ಣುಗಳಿರುವುದು ತಲೆಯ ಎರಡು ಪಕ್ಕಕ್ಕೆ. ನೇರ ಹಿಂದೆ ನಿಂತವರು ಅದಕ್ಕೆ ಕಾಣುವುದಿಲ್ಲ. ಅದಕ್ಕೇ ಮಾತಾಡಿಸುತ್ತಾ ಭುಜದ ಕಡೆಯಿಂದ ಹೋಗಬೇಕು. ಮೈಯನ್ನೆಲ್ಲ ಬ್ರಷ್‌ನಿಂದ ಉಜ್ಜಬೇಕು. ಆಮೇಲೆ ನಾಲ್ಕೂ ಕಾಲು ಒಂದೊಂದಾಗಿ ಎತ್ತಿ ಹಿಡಿದು, ಗೊರಸಿನ ಸಂದಿಯ ಮಣ್ಣು, ಕಲ್ಲನ್ನು ಕೊಕ್ಕೆಯಿಂದ ಕೆರೆದು ತೆಗೆಯಬೇಕು. ಕೊನೆಗೆ ಜೀನು ಹೊತ್ತು ತಂದು ನಿಧಾನವಾಗಿ ಬೆನ್ನ ಮೇಲಿಡಬೇಕು. ಇಷ್ಟಾಗುವ ಹೊತ್ತಿಗೆ ಬೆವರಿಳಿದು ತೋಳು, ಹೆಗಲು, ಸೊಂಟ ಮೂರೂ ಬಿಸಿಯಾಗಿರುತ್ತಿದ್ದವು. ವ್ಯಾಯಾಮ ಶುರುವಾಗುವುದು ರಿಕಾಬಿಗೆ ಕಾಲಿಟ್ಟ ಮೇಲೆ ಅಂದುಕೊಂಡಿದ್ದೆ. ಅದು ಲಾಯದ ಬಾಗಿಲಲ್ಲೇ ಶುರುವಾಗಿತ್ತು.

ಸುಮ್ಮನೆ ನಡೆಯುವ ಕುದುರೆಯ ಮೇಲೂ ಮೈ ಯಾಕೆ ದಣಿಯುತ್ತದೆ? ನಡಿಗೆಯಲ್ಲಿ ಕುದುರೆ ನಾಲ್ಕು ಕಾಲನ್ನೂ ಒಂದಾದ ಮೇಲೊಂದು ಊರುತ್ತದೆ. ಒಂದೊಂದು ಹೆಜ್ಜೆಗೂ ಅದರ ಬೆನ್ನು ಮೇಲೆ ಕೆಳಗೆ, ಅತ್ತ ಇತ್ತ, ಮುಂದೆ ಹಿಂದೆ ಅಲುಗುತ್ತದೆ. ಅದರ ಜೊತೆಗೆ ನಮ್ಮ ಸೊಂಟದ ಮೂಳೆ, ನಾವೇ ನಡೆಯುವಾಗ ಅಲುಗುವಂತೆಯೇ ಅಲುಗುತ್ತದೆ. ಬೀಳದೆ ನೆಟ್ಟಗಿರಲು ಹೊಟ್ಟೆ, ಬೆನ್ನು, ಒಳತೊಡೆಯ ಸ್ನಾಯುಗಳು ಎಡೆಬಿಡದೆ ಸಣ್ಣಸಣ್ಣದಾಗಿ ದುಡಿಯುತ್ತವೆ. ನಡೆಯಲು ಕಷ್ಟಪಡುವ ಮಕ್ಕಳಿಗೆ ಕುದುರೆಯ ಬೆನ್ನ ಮೇಲೆ ಚಿಕಿತ್ಸೆ ಕೊಡುವುದರ ಹಿಂದೆಯೂ ಇದೇ ಕಾರಣವಿದೆ. ಡೆನ್ಮಾರ್ಕಿನ ಸವಾರಿಗಾರ್ತಿ ಲಿಸ್ ಹಾರ್ಟೆಲ್ ಪೋಲಿಯೊದಿಂದ ಮೊಣಕಾಲಿನ ಕೆಳಗೆ ಸ್ವಾಧೀನ ಕಳೆದುಕೊಂಡವರು. ಕುದುರೆ ಹತ್ತಲು, ಇಳಿಯಲು ಅವರಿಗೆ ಬೇರೆಯವರ ಸಹಾಯ ಬೇಕಿತ್ತು. ಆದರೂ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನ ಡ್ರೆಸಾಜ್ ಎಂಬ ಕುದುರೆ ಸವಾರಿ ಸ್ಪರ್ಧೆಯಲ್ಲಿ ಗಂಡಸರ ಜೊತೆ ಸೆಣಸಿ ಬೆಳ್ಳಿ ಗೆದ್ದರು. ಇದನ್ನು ಓದಿದ ಮೇಲೆ, ಸವಾರಿಯ ಬಲ ಕಾಲಿನ ಹಿಡಿತದಲ್ಲಿದೆ ಎಂಬ ನನ್ನ ನಂಬಿಕೆ ಸ್ವಲ್ಪ ಅಲ್ಲಾಡಿತು. ಪೂರ್ತಿ ಹೋಗಲು ಮಾತ್ರ ಒಂದು ಬೀಳುವಿಕೆ ಬೇಕಾಯಿತು.

ಎರಡನೇ ತಿಂಗಳು ಟ್ರಾಟ್ ಎಂಬ ಚುರುಕು ನಡೆ ಹೇಳಿಕೊಟ್ಟರು. ಮೇಷ್ಟ್ರು ಉದ್ದ ಹಗ್ಗ ಹಿಡಿದು ಅಂಗಳದ ನಡುವೆ ನಿಂತರೆ, ಕೆಂಚಿ ಅವರ ಸುತ್ತ ಸುತ್ತುತ್ತಿದ್ದಳು. ಟ್ರಾಟ್‌ನಲ್ಲಿ ಕುದುರೆ ಎದುರುಬದುರು ಮೂಲೆಯ ಕಾಲುಗಳನ್ನು ಜೋಡಿಜೋಡಿಯಾಗಿ ಊರುತ್ತದೆ. ಹಾಗಾಗಿ ಅದಕ್ಕೆ ಎರಡೇ ತಾಳ. ಒಂದು ತಾಳಕ್ಕೆ ಜೀನಿನಿಂದ ತುಸು ಏಳಬೇಕು, ಇನ್ನೊಂದಕ್ಕೆ ಹಗುರಾಗಿ ಕೂರಬೇಕು. ನನಗೆ ತಾಳ ತಪ್ಪಿತು. ಹೆದರಿ ಮೊಣಕಾಲುಗಳಿಂದ ಅವಳನ್ನು ಅವಚಿ ಹಿಡಿದೆ, ಮೈ ಮುಂದಕ್ಕೆ ಬಾಗಿತು. “ಬಿಗೀಬೇಡಿ! ಬಿಗಿದಷ್ಟೂ ಮೇಲಕ್ಕೆ ಎತ್ತಿ ಹಾಕುತ್ತೆ ಕಣಮ್ಮ!” ಎಂದು ಮೇಷ್ಟ್ರು ಕೂಗಿದರು. ಅಷ್ಟರಲ್ಲಿ ಕೆಂಚಿ ಗಕ್ಕನೆ ನಿಂತಳು. ನಾನು ಅವಳ ಎಡಭುಜದ ಮೇಲಿಂದ ಜಾರಿ ಮರಳಿಗೆ ಬಿದ್ದೆ.

ಹೆಲ್ಮೆಟ್ ಇತ್ತು, ಮೊಣಕೈ ತರಚಿತು, ಅಷ್ಟೇ. ಕೆಂಚಿ ಅಲ್ಲೇ ನಿಂತು ಕತ್ತು ಬಗ್ಗಿಸಿ ನನ್ನ ಹೆಗಲು ಮೂಸಿದಳು. ಮೇಷ್ಟ್ರು ಬಂದು ಕೈಕಾಲು ಆಡಿಸಿ ನೋಡಿದರು, ನೀರು ಕೊಟ್ಟರು. ಆಮೇಲೆ ನನ್ನ ಎರಡೂ ಮೊಣಕಾಲು ಮುಟ್ಟಿ ತೋರಿಸಿ, “ಇಲ್ಲಿ ಕೀಲಿ ಹಾಕಿಬಿಟ್ರೆ ನೀವು ಬಟ್ಟೆ ಒಣಗಿಸೋ ಕ್ಲಿಪ್ ಥರ. ಒತ್ತಿದಷ್ಟೂ ಮೇಲಕ್ಕೆ ಜಾರುತ್ತೆ. ತೂಕ ಹಿಮ್ಮಡಿಗೆ ಇಳೀಲಿ” ಅಂದರು. ಮತ್ತೆ ಹತ್ತಿದೆ. ತೊಡೆ ಸಡಿಲ ಬಿಟ್ಟೆ, ಹಿಮ್ಮಡಿ ತಗ್ಗಿಸಿದೆ, ಉಸಿರು ಬಿಟ್ಟೆ. ಮೂರನೇ ಸುತ್ತಿಗೆ ತಾಳ ಸಿಕ್ಕಿತು. ಆಫೀಸಿನ ಕುರ್ಚಿಯಲ್ಲೂ ನಾನು ಇದೇ ತಪ್ಪು ಮಾಡುತ್ತಿದ್ದೆ ಎಂದು ಹೊಳೆದದ್ದು ಆ ಸಂಜೆ. ಇಪ್ಪತ್ತು ವರ್ಷ ಹೆಗಲು, ದವಡೆ, ಸೊಂಟ ಬಿಗಿದುಕೊಂಡೇ ಕೂತಿದ್ದೆ. ಬಿಗಿದದ್ದನ್ನೇ ಗಟ್ಟಿತನ ಅಂದುಕೊಂಡಿದ್ದೆ.

ಲಗಾಮಿನ ಪಾಠವೂ ಹೀಗೆಯೇ ಆಯಿತು. ‘ನಾಲಿಗೆಗೆ ಲಗಾಮು ಹಾಕು’, ‘ಖರ್ಚಿಗೆ ಲಗಾಮಿರಲಿ’ ಅನ್ನುತ್ತೇವೆ. ನಮ್ಮ ಮಾತಿನಲ್ಲಿ ಲಗಾಮು ಅಂದರೆ ತಡೆ. ಆದರೆ ಅದರ ಇನ್ನೊಂದು ತುದಿ ಇರುವುದು ಕುದುರೆಯ ಬಾಯೊಳಗೆ, ಒಸಡಿನ ಮೇಲೆ. ನಾನು ಸಮತೋಲ ತಪ್ಪಿದಾಗಲೆಲ್ಲ ಅದನ್ನೇ ಜಗ್ಗಿ ಹಿಡಿಯುತ್ತಿದ್ದೆ. ಆಗೆಲ್ಲ ಕೆಂಚಿಯ ಕಿವಿ ಹಿಂದಕ್ಕೆ ಮಲಗುತ್ತಿತ್ತು. ನನ್ನ ಸೊಂಟದಲ್ಲಿಲ್ಲದ ಬಲದ ಬೆಲೆಯನ್ನು ಅವಳ ಬಾಯಿ ತೆರುತ್ತಿತ್ತು. ಇದು ಅರ್ಥವಾದ ದಿನದಿಂದ ಮನೆಯಲ್ಲಿ ಹೊಟ್ಟೆ–ಬೆನ್ನಿನ ವ್ಯಾಯಾಮ ಒಂದು ದಿನವೂ ತಪ್ಪಿಸಲಿಲ್ಲ. ಜಿಮ್‌ನಲ್ಲಿ ನನಗಾಗಿ ಮಾಡಲಾರದ್ದನ್ನು ಅವಳಿಗಾಗಿ ಮಾಡಿದೆ.

ತೂಕದ ಮಾತೂ ಅಷ್ಟೇ. ಜೀನು ಸೇರಿ ಸವಾರರ ಭಾರ ಕುದುರೆಯ ತೂಕದ ಐದನೇ ಒಂದು ಪಾಲು ಮೀರಬಾರದು ಎಂಬ ಲೆಕ್ಕವಿದೆ. 450 ಕಿಲೋ ಕುದುರೆಗೆ 90 ಕಿಲೋ. ಅದಕ್ಕಿಂತ ಕಡಿಮೆಯಿದ್ದಷ್ಟೂ ಒಳ್ಳೆಯದು. ಆ ವರ್ಷ ಆರು ಕಿಲೋ ಇಳಿಸಿದೆ. ಕೆಂಚಿಯ ಬೆನ್ನು ನೆನೆದರೆ ಸಂಜೆಯ ಬಜ್ಜಿ ಬೇಡವೆನಿಸುತ್ತಿತ್ತು.

ಸವಾರಿಯೊಂದೇ ಸಾಕು ಎಂದು ಯಾರಿಗೂ ಹೇಳಲಾರೆ. ಸುಮ್ಮನೆ ಕೂತಾಗ ದೇಹ ಖರ್ಚು ಮಾಡುವ ಶಕ್ತಿಯನ್ನು 1 ಎಂದು ಹಿಡಿದರೆ, ನಡೆಯುವ ಕುದುರೆಯ ಮೇಲೆ ಅದು ಸುಮಾರು 4, ಟ್ರಾಟ್‌ನಲ್ಲಿ 6ರ ಹತ್ತಿರ, ನಾಗಾಲೋಟದಲ್ಲಿ 7ಕ್ಕೆ ತುಸು ಮೇಲೆ. ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನನ್ನ ಸವಾರಿ ವಾರಕ್ಕೆ ಎರಡು ದಿನ, ಒಟ್ಟು 90 ನಿಮಿಷ. ಉಳಿದದ್ದನ್ನು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬಿರುಸು ನಡಿಗೆಯಿಂದ ತುಂಬಿಸಿಕೊಳ್ಳುತ್ತೇನೆ. ಡಿಸ್ಕ್ ತೊಂದರೆಯಿದ್ದವರು, ಮೂಳೆ ಸವೆದವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಹತ್ತಬಾರದು. ಯಾರೇ ಹತ್ತಲಿ, ತಲೆಗೆ ಹೆಲ್ಮೆಟ್, ಕಾಲಿಗೆ ಹಿಮ್ಮಡಿಯಿರುವ ಬೂಟು ಇರಲೇಬೇಕು. ಹಿಮ್ಮಡಿಯಿಲ್ಲದ ಬೂಟಿನ ಪಾದ ರಿಕಾಬಿನೊಳಗೆ ತೂರಿ ಸಿಕ್ಕಿಕೊಂಡರೆ, ಬಿದ್ದವರನ್ನು ಕುದುರೆ ಎಳೆದುಕೊಂಡೇ ಓಡುತ್ತದೆ.

ಕಳೆದ ಚಳಿಗಾಲದ ಒಂದು ಬೆಳಗ್ಗೆ ಮೇಷ್ಟ್ರು, “ಇವತ್ತು ಲಗಾಮು ಮುಟ್ಟದೆ ನಿಲ್ಸಿ ನೋಡಣ” ಅಂದರು. ಟ್ರಾಟ್‌ನಿಂದ ನಡಿಗೆಗೆ ಬಂದೆವು. ಲಗಾಮನ್ನು ಸಡಿಲವಾಗಿ ಕೆಂಚಿಯ ಕತ್ತಿನ ಮೇಲೆ ಬಿಟ್ಟೆ. ಬೆನ್ನು ನೆಟ್ಟಗೆ ಮಾಡಿ, ಸೊಂಟವನ್ನು ಜೀನಿನೊಳಕ್ಕೆ ಇಳಿಸಿ, ಉದ್ದಕ್ಕೆ ಉಸಿರು ಬಿಟ್ಟೆ. ಕೆಂಚಿಯ ಒಂದು ಕಿವಿ ನನ್ನ ಕಡೆ ತಿರುಗಿತು. ಇನ್ನೆರಡು ಹೆಜ್ಜೆ ಇಟ್ಟಳು, ನಿಂತಳು.

ಇಳಿದೆ. ತೊಡೆ ನಡುಗಲಿಲ್ಲ. ಮೊದಲು ಅವಳ ಹೊಟ್ಟೆಯ ಪಟ್ಟಿಯನ್ನು ಎರಡು ತೂತು ಸಡಿಲ ಮಾಡಿದೆ, ನನ್ನ ನೀರಿನ ಬಾಟಲಿ ಹುಡುಕಿದ್ದು ಆಮೇಲೆ.