ಹೊಸ ಟ್ಯಾಬ್ ತೆರೆಯುವ ಮೊದಲು ಓದುಗರಿಗೆ ತಿಳಿಸಿ

ದೊಡ್ಡಬಳ್ಳಾಪುರದ ಸೀರೆ ಅಂಗಡಿಯಿರಲಿ, ದೇವನಹಳ್ಳಿಯ ಚಕ್ಕೋತ ಬೆಳೆಗಾರರಿರಲಿ, ಹೊಸಕೋಟೆ, ನೆಲಮಂಗಲದ ಕಾಲೇಜುಗಳಿರಲಿ, ವೆಬ್‌ಸೈಟ್ ಮಾಡಿಸುವಾಗ ಎಲ್ಲರ ಆಸೆ ಒಂದೇ: ಬಂದವರು ನಮ್ಮ ಪುಟ ಬಿಟ್ಟು ಹೋಗಬಾರದು. ಅದಕ್ಕೆಂದೇ ಎಷ್ಟೋ ಕಡೆ ಪ್ರತಿಯೊಂದು ಲಿಂಕೂ ಹೊಸ ಟ್ಯಾಬಿನಲ್ಲಿ ತೆರೆಯುತ್ತದೆ.

ಇದರಿಂದ ಹೆಚ್ಚು ತೊಂದರೆ ದೃಷ್ಟಿ ಇಲ್ಲದವರಿಗೆ. ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶವನ್ನು ನೆಚ್ಚಿದವರಿಗೆ ತಾವು ಬೇರೆ ಟ್ಯಾಬಿಗೆ ಬಂದದ್ದು ಗೊತ್ತಾಗದೆ ಹೋಗಬಹುದು. ಕಂಪ್ಯೂಟರಿನಲ್ಲಿ ಬ್ಯಾಕ್ ಒತ್ತಿದರೂ ಹಳೆಯ ಪುಟ ಸಿಗದು. ಅಕ್ಷರವನ್ನು ತುಂಬಾ ಹಿಗ್ಗಿಸಿ ಓದುವವರಿಗೆ ಮೇಲಿನ ಟ್ಯಾಬ್ ಸಾಲು ಕಣ್ಣಿಗೆ ಬೀಳುವುದೇ ಇಲ್ಲ. ಇದನ್ನು ಸರಿಪಡಿಸಲು ಹೆಚ್ಚಿನ ಖರ್ಚಿಲ್ಲ.

1. ಅದೇ ಟ್ಯಾಬಿನಲ್ಲಿ ತೆರೆಯಲಿ. ವರ್ಡ್‌ಪ್ರೆಸ್‌ನಲ್ಲಿ ‘ಓಪನ್ ಇನ್ ನ್ಯೂ ಟ್ಯಾಬ್’ ಎಂಬಲ್ಲಿನ ಗುರುತು ತೆಗೆಯಿರಿ. ಹೊಸ ಟ್ಯಾಬ್ ಬೇಕಾದವರು ಕಂಟ್ರೋಲ್ ಕೀ ಹಿಡಿದು ಕ್ಲಿಕ್ ಮಾಡಿಕೊಳ್ಳುತ್ತಾರೆ.

2. ಅಗತ್ಯವಿದ್ದಾಗ ಮಾತ್ರ ಹೊಸ ಟ್ಯಾಬ್. ಪ್ರವೇಶದ ಅರ್ಜಿಯನ್ನು ಅರ್ಧ ತುಂಬಿದವರು ಸೂಚನೆಗಳನ್ನು ಓದಬೇಕಾದಾಗ, ಅಥವಾ ಲಾಗಿನ್ ಆದವರು ಹೊರಗಿನ ಪುಟಕ್ಕೆ ಹೋದರೆ ಲಾಗಿನ್ ಕಡಿದುಹೋಗುವಂತಿದ್ದಾಗ ಅದು ನಿಜಕ್ಕೂ ಉಪಯುಕ್ತ.

3. ಲಿಂಕಿನ ಮಾತಿನಲ್ಲೇ ಹೇಳಿ. ‘ಇಲ್ಲಿ ಒತ್ತಿ’ ಎಂದಷ್ಟೇ ಬರೆಯಬೇಡಿ. ‘ಅರ್ಜಿ ತುಂಬುವ ಸೂಚನೆಗಳು (ಹೊಸ ಟ್ಯಾಬಿನಲ್ಲಿ ತೆರೆಯುತ್ತದೆ)’ ಎಂದು ಬರೆಯಿರಿ. ಬಾಣದ ಚಿತ್ರ ಹಾಕುವುದಾದರೆ ಚಿತ್ರದ ಬದಲು ಓದಿ ಹೇಳಲಾಗುವ ಆಲ್ಟ್ ಪಠ್ಯದಲ್ಲಿ ಇದೇ ಮಾತಿರಲಿ.

4. ತಾನಾಗಿ ಏನೂ ತೆರೆಯದಿರಲಿ. ಪುಟ ಬಂದ ಕೂಡಲೇ, ಅಥವಾ ಪಟ್ಟಿಯಿಂದ ತಾಲ್ಲೂಕಿನ ಹೆಸರು ಆರಿಸಿದ ಕೂಡಲೇ, ಇನ್ನೊಂದು ಕಿಟಕಿ ತೆರೆಯಬಾರದು. ಓದುಗರು ಬಟನ್ ಒತ್ತಿದ ಮೇಲೆಯೇ ತೆರೆಯಲಿ.

5. ಕೋಡ್ ನೋಡಿಕೊಳ್ಳಿ. ಹೊಸ ಟ್ಯಾಬ್ ತೆರೆಯುವ ‘ಟಾರ್ಗೆಟ್ ಬ್ಲ್ಯಾಂಕ್’ ಇರುವ ಲಿಂಕಿಗೆ ‘ನೋಓಪನರ್’ ಸೇರಿಸಿ. ಇಲ್ಲದಿದ್ದರೆ ಹಳೆಯ ಬ್ರೌಸರುಗಳಲ್ಲಿ ಹೊರಗಿನ ಪುಟವು ನಿಮ್ಮ ಟ್ಯಾಬನ್ನೇ ಬೇರೆಡೆಗೆ ತಿರುಗಿಸಬಲ್ಲದು. ಪುಟದ ಭಾಷೆ ಕನ್ನಡವೆಂದು ‘ಲ್ಯಾಂಗ್’ ಗುಣದಲ್ಲಿ ನಮೂದಿಸಿ. ಆಗ ನಿಮ್ಮ ಕನ್ನಡದ ಎಚ್ಚರಿಕೆಯನ್ನು ಕನ್ನಡದ ಧ್ವನಿಯಲ್ಲೇ ಓದಬೇಕೆಂದು ತಂತ್ರಾಂಶಕ್ಕೆ ತಿಳಿಯುತ್ತದೆ.

6. ಕಿವಿಯಿಂದ ಪರೀಕ್ಷಿಸಿ. ವಿಂಡೋಸ್ ಕಂಪ್ಯೂಟರಿಗೆ ಎನ್‌ವಿಡಿಎ ಎಂಬ, ಪರದೆ ಓದಿ ಹೇಳುವ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಅದನ್ನು ಹಾಕಿಕೊಂಡು ಇನ್‌ಸರ್ಟ್ ಮತ್ತು ಎಫ್7 ಕೀಗಳನ್ನು ಒಟ್ಟಿಗೆ ಒತ್ತಿ. ಪುಟದ ಲಿಂಕುಗಳೆಲ್ಲ ಪಟ್ಟಿಯಾಗಿ ಬರುತ್ತವೆ. ಪರದೆ ನೋಡದೆ ಕೇಳಿ. ಯಾವುದು ಎಲ್ಲಿಗೆ ಒಯ್ಯುತ್ತದೆ, ಯಾವುದು ಹೊಸ ಟ್ಯಾಬ್ ತೆರೆಯುತ್ತದೆ ಎಂದು ಕೇಳಿದೊಡನೆ ತಿಳಿಯಬೇಕು. ಆಂಡ್ರಾಯ್ಡ್ ಫೋನಿನಲ್ಲಿ ಅದೇ ಕೆಲಸ ಮಾಡುವ ಟಾಕ್‌ಬ್ಯಾಕ್ ಬಳಸಿಯೂ ನೋಡಿ.

ವೆಬ್ ಸುಗಮತೆಯ ಜಾಗತಿಕ ಮಾರ್ಗಸೂಚಿಯಾದ ಡಬ್ಲ್ಯೂಸಿಎಜಿ ಕೂಡ ಹೊಸ ಟ್ಯಾಬ್ ತೆರೆಯುವಂಥ ಬದಲಾವಣೆ ಬಳಕೆದಾರರು ಕೇಳಿದಾಗ ಮಾತ್ರ ಆಗಲಿ ಎನ್ನುತ್ತದೆ. ನಮ್ಮಲ್ಲಿ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದೆ. ಡಿಜಿಟಲ್ ಸೇವೆಗಳನ್ನು ಪಡೆಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಹೇಳಿದೆ. ಆದ್ದರಿಂದ ಜನರು ಅರ್ಜಿ ಹಾಕುವ, ಹಣ ಕಟ್ಟುವ ಪುಟಗಳಿಂದಲೇ ಈ ಕೆಲಸ ಶುರು ಮಾಡಿ. ಉಳಿದ ಪುಟಗಳನ್ನು ಆಮೇಲೆ ಒಂದೊಂದಾಗಿ ತಿದ್ದಬಹುದು.