ಜೇಬಿನ ಚಾಕು ಆಯುಧವಾಗುವುದು ಯಾವಾಗ?

ಮಡಚುವ ಚಾಕು ಇಟ್ಟುಕೊಂಡು ಓಡಾಡುವವರಿಗೆ ಅದಿಲ್ಲದ ದಿನ ಕೈ ಕಟ್ಟಿಹಾಕಿದಂತಾಗುತ್ತದೆ. ಹಳ್ಳಿಯ ಕಡೆ ಅದು ಅಂಗಿಯ ಒಳಜೇಬಿನಲ್ಲೋ ಎಲೆ-ಅಡಿಕೆ ಸಂಚಿಯಲ್ಲೋ ಇರುತ್ತಿತ್ತು. ಅಡಿಕೆ ಹೋಳು ಮಾಡಲು, ಮಾವಿನಕಾಯಿ ಹೆಚ್ಚಲು, ಗೊಬ್ಬರದ ಚೀಲದ ಹೊಲಿಗೆ ಬಿಚ್ಚಲು ಅದೇ ಬೇಕು. ಈಗ ಪೇಟೆಯ ಹುಡುಗರಿಗೂ ಅದರ ಹುಚ್ಚು ಹಿಡಿದಿದೆ. ಕೆಲವರಿಗೆ ಕಾರ್ಲ್ ಎಲ್ಸನರ್ 1897ರಲ್ಲಿ ನೋಂದಾಯಿಸಿದ ವಿನ್ಯಾಸದಿಂದ ಬೆಳೆದು ಬಂದ ಕೆಂಪು ಹಿಡಿಯ ಸ್ವಿಸ್ ಚಾಕು ಇಷ್ಟ. ಇನ್ನು ಕೆಲವರಿಗೆ ಫ್ರಾನ್ಸಿನ ಸವಾಯ್ ಪ್ರಾಂತ್ಯದಲ್ಲಿ 1890ರಲ್ಲಿ ಹುಟ್ಟಿದ ಒಪಿನೆಲ್ ಬೇಕು: ಒಂದು ಮರದ ಹಿಡಿ, ಒಂದು ಅಲಗು, ಬಿಚ್ಚಿದ ಅಲಗು ಮತ್ತೆ ಮಡಚಿ ಬೆರಳು ಕೊಯ್ಯದಂತೆ ತಡೆಯುವ ಒಂದು ಲೋಹದ ಉಂಗುರ, ಅಷ್ಟೆ. ಅದರ ಕಾರ್ಬನ್ ಉಕ್ಕಿನ ಅಲಗಿಗೆ ನಿಂಬೆಹಣ್ಣಿನ ಹುಳಿ ತಾಗಿ ಒಂದೆರಡು ವಾರಕ್ಕೆ ಬೂದುಬಣ್ಣದ ಕಲೆ ಕೂರುತ್ತದೆ. ಚಾಕುಪ್ರಿಯರು ಅದನ್ನು ಉಜ್ಜಿ ತೆಗೆಯುವುದಿಲ್ಲ, ಮೆಚ್ಚಿಕೊಂಡು ನೋಡುತ್ತಾರೆ.

ಇಷ್ಟೆಲ್ಲ ಪ್ರೀತಿಯ ನಡುವೆ ಒಂದು ರಾತ್ರಿ ನಾಕಾಬಂದಿಯಲ್ಲಿ ಬೈಕು ನಿಲ್ಲಿಸಿದ ಪೇದೆ ಜೇಬು ಮುಟ್ಟಿ, "ಏನಪ್ಪಾ ಇದು? ಯಾಕೆ ಇಟ್ಕೊಂಡಿದ್ದೀಯಾ?" ಎಂದು ಕೇಳಿದರೆ ಏನು ಹೇಳಬೇಕು ಎಂಬುದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ.

1959ರ ಶಸ್ತ್ರಾಸ್ತ್ರ ಕಾಯ್ದೆಯಿಂದಲೇ ಶುರುಮಾಡೋಣ. ಆಕ್ರಮಣಕ್ಕೋ ರಕ್ಷಣೆಗೋ ಆಯುಧವಾಗಿ ರೂಪಿಸಿದ ಅಥವಾ ಮಾರ್ಪಡಿಸಿದ ವಸ್ತುವನ್ನು ಈ ಕಾಯ್ದೆ ಶಸ್ತ್ರ ಎನ್ನುತ್ತದೆ. ಹರಿತ ಅಲಗಿನ ಮಾರಕ ಆಯುಧಗಳೂ ಅದರಲ್ಲಿ ಸೇರುತ್ತವೆ. ಆದರೆ ಕೇವಲ ಮನೆಬಳಕೆಗೆ ಅಥವಾ ಬೇಸಾಯಕ್ಕೆಂದೇ ಮಾಡಿದ ವಸ್ತು ಶಸ್ತ್ರವಲ್ಲ ಎಂದು ಅದೇ ವ್ಯಾಖ್ಯೆ ಹೇಳುತ್ತದೆ. ಹಾಗಾಗಿ ಈಳಿಗೆಮಣೆ, ಕುಡುಗೋಲು, ಹಣ್ಣು ಹೆಚ್ಚುವ ಚಾಕು ಇವೆಲ್ಲ ಹೊರಗುಳಿಯುತ್ತವೆ. ಕಾಯ್ದೆಯಡಿಯ ನಿಯಮಗಳ ಪಟ್ಟಿಯಲ್ಲಿ ಖಡ್ಗ, ಬಾಕು, ಭರ್ಜಿಗಳ ಸಾಲಿನಲ್ಲೇ ಚಾಕುಗಳ ಹೆಸರೂ ಬರುತ್ತದೆ. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರಬೇಕೆಂಬ ಅಳತೆಯೂ ಅಲ್ಲೇ ಇದೆ. ಮನೆ, ಹೊಲ, ವಿಜ್ಞಾನ, ಕೈಗಾರಿಕೆಯ ಉಪಯೋಗಕ್ಕೆ ಮಾಡಿದವುಗಳಿಗೆ ಅಲ್ಲಿಯೂ ವಿನಾಯಿತಿ ಉಂಟು. ಮೂರು ಇಂಚಿನ ಸ್ವಿಸ್ ಚಾಕು ಈ ಅಳತೆಯ ಹತ್ತಿರಕ್ಕೂ ಬರುವುದಿಲ್ಲ.

ಹಾಗೆಂದು 9 ಇಂಚಿಗಿಂತ ಕಡಿಮೆಯಿದ್ದರೆ ಎಲ್ಲಿ ಬೇಕಾದರೂ ಒಯ್ಯಬಹುದು ಎಂಬ ಮಾತು ಪೂರ್ತಿ ನಿಜವಲ್ಲ. ಕಾಯ್ದೆಯ 4ನೇ ಕಲಂ ಪ್ರಕಾರ ಕೇಂದ್ರ ಸರ್ಕಾರ ಒಂದು ಪ್ರದೇಶವನ್ನು ಹೆಸರಿಸಿ, ಅಲ್ಲಿ ಬಂದೂಕಲ್ಲದ ಇಂತಿಂಥ ಆಯುಧಗಳಿಗೂ ಪರವಾನಗಿ ಬೇಕು ಎಂದು ಅಧಿಸೂಚನೆ ಹೊರಡಿಸಬಹುದು. ದೆಹಲಿಯಲ್ಲಿ 1980ರ ಅಧಿಸೂಚನೆಯೊಂದು ಗುಂಡಿ ಒತ್ತಿದರೆ ಚಿಮ್ಮುವ, ಸ್ಪ್ರಿಂಗ್ ಅಥವಾ ಬೇರಾವುದೋ ಯಂತ್ರತಂತ್ರದಿಂದ ತೆರೆಯುವ ಚಾಕುಗಳ ಮೇಲೆ ಕಣ್ಣಿಟ್ಟಿದೆ. ಅದರಲ್ಲಿ ಅಳತೆ ಅಲಗಿನ ಉದ್ದ 7.62 ಸೆಂ.ಮೀ., ಅಗಲ 1.72 ಸೆಂ.ಮೀ. ದೆಹಲಿಗೆ ಹೋಗುವ ಕನ್ನಡಿಗರು ಇದನ್ನು ನೆನಪಿಡಲಿ. ನಮ್ಮಲ್ಲಿಯೂ ಬಟನ್ ಚಾಕು ಎಂದರೆ ಪೊಲೀಸರ ಮುಖದ ಬಣ್ಣ ಬದಲಾಗುತ್ತದೆ. ಸಿನಿಮಾದ ಖಳರು ಅದಕ್ಕೆ ಕೊಟ್ಟ ಹೆಸರು ಅಂಥದ್ದು. ಉಗುರಿನಿಂದ ಎಳೆದು ಬಿಚ್ಚುವ ಹಳೆಯ ಕಾಲದ ಸಾದಾ ಚಾಕು ಕಾನೂನಿನ ದೃಷ್ಟಿಯಿಂದಲೂ ಜಾಣ ಆಯ್ಕೆ ಎಂದು ನಾನು ಹೇಳುವುದು ಇದಕ್ಕೇ.

ಚಾಕು ಎಂಥದ್ದು ಎಂಬಷ್ಟೇ ಮುಖ್ಯ, ಅದು ಎಲ್ಲಿ ಮತ್ತು ಯಾವ ದಿನ ನಿಮ್ಮ ಜೇಬಿನಲ್ಲಿತ್ತು ಎಂಬುದು. ಚುನಾವಣೆ, ಗಣೇಶನ ಮೆರವಣಿಗೆ, ಊರಿನಲ್ಲಿ ಗಲಭೆ ಇಂಥ ಸಮಯದಲ್ಲಿ ನಿಷೇಧಾಜ್ಞೆ ಬರುತ್ತದೆ. ಮೊದಲು ಸಿಆರ್‌ಪಿಸಿ 144 ಎನ್ನುತ್ತಿದ್ದೆವು. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ. ಜೊತೆಗೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 35ನೇ ಕಲಂ ಅಡಿ ಪೊಲೀಸ್ ಆಯುಕ್ತರು ಅಥವಾ ಜಿಲ್ಲಾ ದಂಡಾಧಿಕಾರಿ ಕತ್ತಿ, ಭರ್ಜಿ, ಬಂದೂಕು, ಚಾಕು, ದೊಣ್ಣೆಗಳನ್ನು ಹಿಡಿದು ಓಡಾಡುವುದನ್ನು ತಡೆಯಬಹುದು. ಆಗ ನಿಮ್ಮ ಅಲಗು ಎಷ್ಟು ಇಂಚು ಎಂದು ಯಾರೂ ಕೇಳುವುದಿಲ್ಲ. ಆಜ್ಞೆ ಮೀರಿದರೆ ಭಾರತೀಯ ನ್ಯಾಯ ಸಂಹಿತೆಯ 223ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಸಾದಾ ಸಜೆ ಅಥವಾ 2,500 ರೂಪಾಯಿವರೆಗೆ ದಂಡ ಅಥವಾ ಎರಡೂ. ಜೀವಕ್ಕೆ ಅಪಾಯವಾಗುವಂತಿದ್ದರೆ ಒಂದು ವರ್ಷ, 5,000 ರೂಪಾಯಿ. ಆದರೆ ಈ ಕಲಂ ಅಡಿ ನ್ಯಾಯಾಲಯ ಪ್ರಕರಣ ಕೈಗೆತ್ತಿಕೊಳ್ಳಬೇಕಾದರೆ ಸಂಬಂಧಪಟ್ಟ ಅಧಿಕಾರಿ ಲಿಖಿತ ದೂರು ಕೊಟ್ಟಿರಬೇಕು. ನಿಮ್ಮ ವಕೀಲರು ಮೊದಲು ಅದನ್ನೇ ನೋಡುತ್ತಾರೆ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವ, 2029ರವರೆಗೆ ವಿಸ್ತರಿಸಿರುವ ವಿನಾಯಿತಿ ಬಂದೂಕಿನ ಪರವಾನಗಿಯ ವಿಷಯ. ಸಿಖ್ಖರ ಕೃಪಾಣಕ್ಕೆ ಸಂವಿಧಾನದ 25ನೇ ವಿಧಿಯ ವಿವರಣೆಯಲ್ಲೇ ರಕ್ಷಣೆ ಇದೆ. ಇವೆರಡನ್ನೂ ತೋರಿಸಿ "ಅವರಿಗೆ ಇಲ್ಲದ್ದು ನನಗೇಕೆ" ಎಂದು ಠಾಣೆಯಲ್ಲಿ ವಾದಿಸಿ ಪ್ರಯೋಜನವಿಲ್ಲ.

ಪೇದೆಯ ಪ್ರಶ್ನೆಗೆ ಬರೋಣ. ಬಹಳ ಜನ ಧೈರ್ಯ ತೋರಿಸಲು "ಆತ್ಮರಕ್ಷಣೆಗೆ ಸಾರ್" ಎಂದುಬಿಡುತ್ತಾರೆ. ಆ ಉತ್ತರವೇ ನಿಮಗೆ ಮುಳುವಾಗುವುದು. ಕಾಯ್ದೆಯ ವ್ಯಾಖ್ಯೆಯಲ್ಲಿ ಆಕ್ರಮಣದ ಪಕ್ಕದಲ್ಲೇ ರಕ್ಷಣೆ ಎಂಬ ಪದ ಕೂತಿದೆ. ಹಣ್ಣಿನ ಚಾಕುವನ್ನು ನೀವೇ ಆಯುಧದ ಸಾಲಿಗೆ ತಳ್ಳಿದಂತಾಯಿತು. ನಿಜವನ್ನೇ ಹೇಳಿ: "ಕೊರಿಯರ್ ಡಬ್ಬ ಬಿಚ್ಚೋಕೆ ಸಾರ್, ಗೋಡೌನ್‌ನಲ್ಲಿ ಕೆಲಸ ಮಾಡ್ತೀನಿ." ಕೆಲಸದ ಗುರುತಿನ ಚೀಟಿ ಇದ್ದರೆ ತೋರಿಸಿ. ಕೈಯಲ್ಲಿ ಬಿಚ್ಚಿ ತಿರುಗಿಸಿ ತೋರಿಸುವ ಚೇಷ್ಟೆ ಬೇಡ.

ಆತ್ಮರಕ್ಷಣೆಯ ಹಕ್ಕು ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳಲ್ಲಿ ಇದೆ, ನಿಜ. ಆದರೆ ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಆ ಹಕ್ಕು ಇಲ್ಲ. ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಬೀದಿ ಜಗಳದಲ್ಲಿ ಚಾಕು ಹೊರಬಂದು ಯಾರಿಗಾದರೂ ಗಾಯವಾದರೆ 118ನೇ ಕಲಂ ಬೀಳುತ್ತದೆ. ಅಲ್ಲಿ ಇರಿಯುವ, ಕೊಯ್ಯುವ ಯಾವ ಸಾಧನವಾದರೂ ಸರಿ, ಅಲಗಿನ ಉದ್ದ ಲೆಕ್ಕಕ್ಕಿಲ್ಲ. ಸಾದಾ ಗಾಯಕ್ಕೆ ಮೂರು ವರ್ಷದವರೆಗೆ ಸೆರೆ ಅಥವಾ 20,000 ರೂಪಾಯಿವರೆಗೆ ದಂಡ ಅಥವಾ ಎರಡೂ. ತೀವ್ರ ಗಾಯವಾದರೆ ಕನಿಷ್ಠ ಒಂದು ವರ್ಷದಿಂದ ಹಿಡಿದು ಜೀವಾವಧಿಯವರೆಗೂ ಹೋಗಬಹುದು.

ಪೊಲೀಸರು ಚಾಕು ಜಪ್ತಿ ಮಾಡಿದರೆ ಜಗಳವಾಡದೆ ಕಾಗದ ಕೇಳಿ. ಜಪ್ತಿಯ ಪಟ್ಟಿ, ಸಾಕ್ಷಿಗಳ ಸಹಿ, ಮಹಜರು ಇವೆಲ್ಲ ನಡೆಯುವುದನ್ನು ಧ್ವನಿ-ದೃಶ್ಯದಲ್ಲಿ ದಾಖಲಿಸಬೇಕು ಎಂದು ಸುರಕ್ಷಾ ಸಂಹಿತೆಯ 105ನೇ ಕಲಂ ಹೇಳುತ್ತದೆ. ಮೊಬೈಲ್‌ನಲ್ಲಿ ಚಿತ್ರೀಕರಿಸಿದರೂ ಆಗುತ್ತದೆ. ಮಹಜರಿನಲ್ಲಿ ಅಲಗಿನ ಉದ್ದ-ಅಗಲ ಬರೆದಿದ್ದಾರೆಯೇ ಎಂದು ಓದಿ ನೋಡಿ. ಬರೀ "ಒಂದು ಚಾಕು" ಎಂದಿದ್ದರೆ ಅಳತೆ ಸೇರಿಸಲು ಕೋರಿ, ಅದೇ ನಾಳೆ ನಿಮ್ಮ ವಾದ. ಓದದೆ ಸಹಿ ಹಾಕಬೇಡಿ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಸುಮ್ಮನೆ ಬಂಧಿಸುವಂತಿಲ್ಲ. ಬಂಧನ ಅಗತ್ಯವಿಲ್ಲದಿದ್ದರೆ ಸುರಕ್ಷಾ ಸಂಹಿತೆಯ 35(3)ನೇ ಕಲಂ ಅಡಿ ಹಾಜರಾಗುವಂತೆ ನೋಟಿಸು ಕೊಡಬೇಕು. ಬಂಧಿಸಿದರೆ ಕಾರಣ ತಿಳಿಸಬೇಕು, ಮನೆಯವರಿಗೋ ಸ್ನೇಹಿತರಿಗೋ ಸುದ್ದಿ ಮುಟ್ಟಿಸಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಹೆಣ್ಣುಮಕ್ಕಳ ಅಂಗಶೋಧನೆಯನ್ನು ಹೆಣ್ಣುಮಕ್ಕಳೇ ಮಾಡಬೇಕು.

ವಿಮಾನ ನಿಲ್ದಾಣದಲ್ಲಿ ಕೀ ಗೊಂಚಲಿನ ಪುಟ್ಟ ಸ್ವಿಸ್ ಚಾಕುವನ್ನು ಮರೆತು ತಪಾಸಣೆಗೆ ನಿಲ್ಲುವವರು ದಿನವೂ ಸಿಗುತ್ತಾರೆ. ಕೈಚೀಲದಲ್ಲಿ ಅದಕ್ಕೆ ಅವಕಾಶವಿಲ್ಲ. ಕೌಂಟರಿನಲ್ಲಿ ಕೊಡುವ ದೊಡ್ಡ ಪೆಟ್ಟಿಗೆಯೊಳಗೆ ಹಾಕಿಬಿಡಿ. ಮೆಟ್ರೊ, ನ್ಯಾಯಾಲಯ, ವಿಧಾನಸೌಧದ ಬಾಗಿಲಲ್ಲೂ ಸ್ಕ್ಯಾನರ್ ಇದೆ, ಅಂದು ಮನೆಯಲ್ಲೇ ಬಿಡುವುದು ಒಳಿತು. ಇಂಗ್ಲೆಂಡಿನಲ್ಲಿರುವ ನಮ್ಮವರಿಗೆ ಲೆಕ್ಕ ಬೇರೆ. ಅಲ್ಲಿ 1988ರ ಕಾಯ್ದೆಯ ಪ್ರಕಾರ ಮಡಚುವ, 3 ಇಂಚು ಮೀರದ ಅಲಗಿನ ಚಾಕುವಿಗೆ ಕಾರಣ ಹೇಳಬೇಕಿಲ್ಲ. ಆದರೆ ಬಿಚ್ಚಿದ ಅಲಗು ಬಿಗಿಯಾಗಿ ನಿಲ್ಲುವಂತಿದ್ದರೆ, ಅಂದರೆ ಉಂಗುರದ ಒಪಿನೆಲ್‌ನಂಥದ್ದಾದರೆ, ಸಾರ್ವಜನಿಕ ಸ್ಥಳದಲ್ಲಿ ಒಯ್ಯಲು ಸರಿಯಾದ ಕಾರಣ ಬೇಕು.

ಜಪ್ತಿಯಾದ ಚಾಕು ತಾತನ ಕಾಲದ್ದಾಗಿದ್ದು ವಾಪಸು ಬೇಕೆನಿಸಿದರೆ, ಸುರಕ್ಷಾ ಸಂಹಿತೆಯ 503ನೇ ಕಲಂ ಅಡಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು. ವಕೀಲರ ಖರ್ಚು ಭರಿಸಲಾಗದಿದ್ದರೆ ತಾಲ್ಲೂಕು ಅಥವಾ ಜಿಲ್ಲಾ ಕಾನೂನು ಸೇವಾ ಕಚೇರಿಗೆ ಹೋಗಿ. ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಬಂಧನದಲ್ಲಿರುವವರು ಇವರಿಗೆಲ್ಲ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಕರೆ ಮಾಡಿಯೂ ವಿಚಾರಿಸಬಹುದು.